ತೀವ್ರಗೊಳಿಸಲಾಗುವುದು

ಮನೆ, ಗುರುವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ತಲೆಸುತ್ತು ನಿಂತಿತೇ? ಊಟ ಸೇರುತ್ತಿದೆಯೇ? ಚಿಕ್ಕಮ್ಮನ ಮನೆಯಲ್ಲೂ ಪಾತ್ರೆ ತೊಳೆಯುತ್ತಿದ್ದೀಯಂತೆ. ಅದು ವಿಶ್ರಾಂತಿಯಲ್ಲ, ದುಡಿಮೆಯ ಸ್ಥಳಾಂತರ, ನಾನು ಖಂಡಿಸುತ್ತೇನೆ.

ಇನ್ನು ಸುದ್ದಿ. ಇಸ್ತ್ರಿ ಕೋಣೆಯ ಸೆಖೆಗೆ ನೀನು ಕುಸಿದು ಬಿದ್ದ ಮೇಲೂ ಲಾಂಡ್ರಿಯ ಮಾಲೀಕರು ಆ ಮೊಳೆ ಹೊಡೆದ ಕಿಟಕಿ ತೆಗೆಸಲಿಲ್ಲ. ನೀನು ಕೆಲಸಕ್ಕೆ ಮರಳುವುದರೊಳಗೆ ಅದು ತೆರೆಯಲೇಬೇಕೆಂದು ನೋಟೀಸು ಬರೆದು ಗೋಡೆಗೆ ಅಂಟಿಸಿದೆ: "ಇಲ್ಲವಾದರೆ ಹೋರಾಟ ತೀವ್ರಗೊಳಿಸಲಾಗುವುದು." ನಾನು ಓದಿದ ಕರಪತ್ರಗಳೆಲ್ಲ ಹೀಗೇ ಮುಗಿಯುತ್ತವೆ. ಬಟ್ಟೆಗೆ ಗಂಜಿ ಹಾಕುವ ತಾತ, "ತೀವ್ರ ಅಂದ್ರೆ ಏನಮ್ಮಾ?" ಎಂದು ಕೇಳಿದರು. ನೋವು ತೀವ್ರಗೊಳ್ಳುತ್ತದೆ, ಗಾಳಿ ತೀವ್ರಗೊಳ್ಳುತ್ತದೆ, ಅಂದರೆ ಇದ್ದದ್ದು ಇನ್ನಷ್ಟು ಬಿರುಸಾಗುವುದು ಎಂದು ವಿವರಿಸಿದೆ. ಗುಂಡಿ ಹೊಲಿಯುವ ಅಕ್ಕ ಹಲ್ಲಲ್ಲಿ ಸೂಜಿ ಕಚ್ಚಿಕೊಂಡೇ, "ಇದ್ದದ್ದು ತಾನೆ ಜೋರಾಗೋದು? ನಮ್ಮಲ್ಲಿ ಹೋರಾಟವೇ ಇಲ್ವಲ್ಲೇ ತಾಯಿ! ಮೊದ್ಲು ಒಂಚೂರು ಮಾಡೋಣ, ಆಮೇಲೆ ಜೋರು ಮಾಡು" ಎಂದಳು.

ಹಾಗಾಗಿ ಸೋಮವಾರ ಮಾಲೀಕರ ಬಿಳಿ ಅಂಗಿಯ ಒಂದು ತೋಳಿಗೆ ಇಸ್ತ್ರಿ ಹಾಕದೆ ಕಳಿಸಿದೆವು. ಅವರು ಗಮನಿಸಲೇ ಇಲ್ಲ. ಮಂಗಳವಾರ ಎರಡೂ ತೋಳು. ಮೇಲೊಂದು ಕೋಟು ಹಾಕಿಕೊಂಡು ಹೋದರು, ಈ ಸೆಖೆಯಲ್ಲಿ! ಬುಧವಾರ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಕಂದು ಗುರುತು. ಅಂಗಿ ಹಿಡಿದು ಕೋಣೆಗೇ ನುಗ್ಗಿ ಬಂದರು. "ಎರಡೇ ದಿನಕ್ಕೆ ಸುಡೋ ಮಟ್ಟಕ್ಕೆ ಬಂದ್ರಾ? ನಾಳೆ ಇನ್ನೇನ್ರೀ?" ಎಂದರು. ನಾನು ನೆಟ್ಟಗೆ ನಿಂತು, "ತೀವ್ರಗೊಳಿಸಲಾಗುವುದು" ಎಂದೆ. ಮಧ್ಯಾಹ್ನವೇ ಬಡಗಿ ಬಂದ. ಕಿಟಕಿ ಕಿರ್ರೆಂದು ತೆರೆದಾಗ ತಾತ ಎರಡೂ ಕೈ ಎತ್ತಿ ಕಂಕುಳಿಗೆ ಗಾಳಿ ಕುಡಿಸಿದರು. ನೀನಿನ್ನು ನಿಶ್ಚಿಂತೆಯಿಂದ ಬರಬಹುದು, ಆದರೆ ಡಾಕ್ಟರು ಹೇಳುವ ತನಕ ಬೇಡ.

ಚಿಕ್ಕಮ್ಮನಿಗೆ ನಮಸ್ಕಾರ. ಅವರ ಮಕ್ಕಳಿಗೆ ಕ್ರಾಂತಿಕಾರಿ ಮುತ್ತುಗಳು.

ಎಂದೂ ರಾಜಿಯಾಗದ,
ನಿನ್ನ ಮಗಳು

ತಾ.ಕ.: ಕಾಲರು ಸುಡುವುದೆಂದು ಯಾರೂ ತೀರ್ಮಾನಿಸಿರಲಿಲ್ಲ ಅಮ್ಮಾ. ತೋಳಿನ ಸುಕ್ಕು ಹಾಗೇ ಬಿಡುವುದೆಂದಷ್ಟೇ ಇತ್ತು. ನಿನ್ನ ಜಾಗ ಬೇರೆಯವರ ಪಾಲಾಗಬಾರದೆಂದು ನಿನ್ನ ಮೇಜಿಗೆ ನಾನೇ ನಿಂತಿದ್ದೇನೆ. ಮಂಗಳವಾರದವರೆಗೆ ದಿಂಬಿನ ಚೀಲ ಉಜ್ಜಿ ಬಚಾವಾದೆ, ಬುಧವಾರ ಆ ಅಂಗಿ ನನ್ನ ಕೈಗೇ ಬಂತು. ಅಂಗಿಗೆ ಇಸ್ತ್ರಿ ಹಾಕಲು ನನಗೆ ಬರುವುದಿಲ್ಲ. ಕಾಲರಿಗೆ ಪೆಟ್ಟಿಗೆ ಯಾವ ಕಡೆಯಿಂದ ಇಡಬೇಕು, ಬೇಗ ಬರೆ. ಮುಂದಿನ ವಾರ ಹೋಟೆಲಿನವರ ನಲವತ್ತು ಅಂಗಿ ಬರುತ್ತವೆ. ಅವರ ಮೇಲೆ ನಮಗೆ ಯಾವ ಹೋರಾಟವೂ ಇಲ್ಲ.