ನೀವಿಲ್ಲದ ಎಣಿಕೆ

ಲಿಂಕನ್‌ಶೈರ್
ಮೇ ತಿಂಗಳು

ಪ್ರಿಯ ಆಂಬ್ರೋಸ್ ಅವರಿಗೆ,

ನಮ್ಮೂರು ಬಿಟ್ಟು ಡೆವನ್‌ಗೆ ಹೋದ ನೀವು ಅಲ್ಲಿ ಮಗಳ ಮನೆಯಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಜಿಲ್ಲಾ ಕೌನ್ಸಿಲ್ ಚುನಾವಣೆಯ ಫಲಿತಾಂಶ ಬಂತು. ನಮ್ಮ ವಾರ್ಡಿನಲ್ಲಿ ಕೊನೆಗೂ ನಾನು ಗೆದ್ದೆ.

ಎಂಬತ್ತರ ದಶಕದಿಂದಲೂ ಪ್ರತಿ ಸಲ ನೀವು ಗೆಲ್ಲುತ್ತಿದ್ದಿರಿ, ನಾನು ಸೋಲುತ್ತಿದ್ದೆ. ಮತ ಎಣಿಕೆ ಮುಗಿದ ಮೇಲೆ ನಿಮ್ಮ ಫ್ಲಾಸ್ಕಿನಿಂದ ನನಗೂ ಚಹಾ ಬಗ್ಗಿಸಿಕೊಟ್ಟು, “ಏನ್ರೀ ಹೆಸ್ಟರ್, ಇನ್ನೂ ಬುದ್ಧಿ ಬರ್ಲಿಲ್ವಾ? ಮುಂದಿನ ಸಲಾನೂ ನಿಲ್ತೀರಾ?” ಎಂದು ಕೆಣಕುತ್ತಿದ್ದಿರಿ.

“ನಿಲ್ದೆ ಬಿಡ್ತೀನಾ?” ಎನ್ನುತ್ತಿದ್ದೆ ನಾನು.

ನಮ್ಮ ಪಕ್ಷದವರು ನನ್ನನ್ನು ಛಲಗಾತಿ ಎಂದುಕೊಂಡರು. ಅವರು ಹಾಗೆಯೇ ತಿಳಿದಿರಲಿ.

ಈ ಸಲ ನಿಮ್ಮ ಪಕ್ಷದಿಂದ ನಿಮ್ಮ ಜಾಗದಲ್ಲಿ ಸ್ಪರ್ಧಿಸಿದ್ದವರು ನನ್ನ ಕೈಕುಲುಕಿ ಬೇಗನೆ ಕಾರು ಹತ್ತಿದರು. ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ.

ಇನ್ನೊಂದು ವಿಷಯ. ಗ್ರಂಥಾಲಯದ ಪಕ್ಕದ ಮನೆ ಬಾಡಿಗೆಗೆ ಖಾಲಿಯಿದೆ. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಹಿತ್ತಿಲಿಗೆ ಬೆಳಗಿನ ಬಿಸಿಲು ಬೀಳುತ್ತದೆ. ನಿಮ್ಮ ಉತ್ತರ ಬರುವವರೆಗೆ ಯಾರಿಗೂ ಕೊಡಬೇಡಿ ಎಂದು ಮಾಲೀಕರಿಗೆ ಹೇಳಿಟ್ಟಿದ್ದೇನೆ. ಇಲ್ಲಿ ವಾಸಕ್ಕೆ ಬಂದರೆ ಮುಂದಿನ ಸಲ ನೀವು ಮತ್ತೆ ನನ್ನೆದುರು ನಿಲ್ಲಬಹುದು.

ನಿಲ್ಲದಿದ್ದರೂ ಪರವಾಗಿಲ್ಲ, ಬನ್ನಿ.

ನಿಮ್ಮ ಎದುರಾಳಿ,
ಹೆಸ್ಟರ್ ಪಿಕರ್ಸ್‌ಗಿಲ್