ಡಿಂಪ್ನಾಗೆ ಕೊಟ್ಟ ಚಹಾ

ಸೆಪ್ಟೆಂಬರ್ 8, ಸೋಮವಾರ

ಮತ್ತೆ ಕುಡಿದು ಓಡಿಸಿದ ಕೇಸು. ಮೇಯೋದಂಥ ಹಳ್ಳಿಗಾಡಿನಲ್ಲಿ ವಕೀಲಿ ಮಾಡಿದರೆ ಇನ್ನೇನು ಬರಬೇಕು. ಆದರೆ ಇವತ್ತು ಬಂದವಳು ಡಿಂಪ್ನಾ ಹೆಷನ್! ಎಪ್ಪತ್ತರ ಹತ್ತಿರ. ಕೋಟಿನ ಮೇಲೆ, ಮದ್ಯ ಮುಟ್ಟುವುದಿಲ್ಲವೆಂದು ಹರಕೆ ಹೊತ್ತವರ ಪಿನ್. ಶಾಲೆ ಬಿಟ್ಟಾಗಿನಿಂದ ತೆಗೆದಿಲ್ಲ.

"ಏನು ಕುಡಿದ್ರಿ, ಡಿಂಪ್ನಾ?"

"ಏನೂ ಇಲ್ಲ ಮಗಳೇ."

"ಯಂತ್ರ ಬೇರೆ ಹೇಳ್ತಿದೆಯಲ್ಲ."

"ಬಲಿಪೂಜೆ ಮುಗೀತು. ಬಟ್ಟಲು ನಾಲ್ಕಿಟ್ಟಿದ್ರು, ಹಂಚೋಕೆ ನಾನಿದ್ದೆ. ಎಲ್ರಿಗೂ ನೆಗಡಿ ಅಂಟೀತು ಅಂತ ಭಯ, ಒಬ್ರೂ ತುಟಿ ತಾಗಿಸ್ಲಿಲ್ಲ. ಫಾದರ್ ಇನ್ನೊಂದು ಚರ್ಚಿಗೆ ಓಡಿದ್ರು. ಉಳಿದದ್ದನ್ನ ಚರಂಡಿಗೆ ಸುರೀಲಾ? ಎಲ್ಲಾ ನಾನೇ ಮುಗಿಸ್ದೆ. ಕ್ರಿಸ್ತನ ರಕ್ತ ಅದು!"

"ದ್ರಾಕ್ಷಾರಸ—"

"ರಕ್ತ."

ತಲೆ ಕೆಟ್ಟುಹೋಯಿತು. ನಾನೂ ಅದೇ ಚರ್ಚಿನವಳು. ಭಾನುವಾರ ರಕ್ತ ಅನ್ನುತ್ತೇನೆ, ಸೋಮವಾರ ಆಲ್ಕೋಹಾಲ್ ಅನ್ನಬೇಕು. ಯಾವುದು ಸರಿ?

ಲೈಸೆನ್ಸ್ ಹೋದರೆ ಅವಳ ತಮ್ಮ ಮ್ಯಾಲಕಿಯ ಗತಿ ಏನು? ಡಯಾಲಿಸಿಸ್‌ಗೆಂದು ಅವನನ್ನು ವಾರಕ್ಕೆ ಮೂರು ಸಲ ಕಾಸಲ್‌ಬಾರ್ ಆಸ್ಪತ್ರೆಗೆ ಕರೆದೊಯ್ದು ತರುವವಳು ಇವಳೊಬ್ಬಳೇ. ಆ ದಾರಿಗೆ ಬಸ್ಸಿಲ್ಲ.

ಸೆಪ್ಟೆಂಬರ್ 11, ಗುರುವಾರ

ಸಿಕ್ಕಿತು! ಠಾಣೆಯಲ್ಲಿ ಊದಿಸುವ ಮುಂಚೆ ಇಪ್ಪತ್ತು ನಿಮಿಷ ಬಾಯಿಗೆ ಏನೂ ಹಾಕಬಾರದು. ಪೊಲೀಸ್ ಎದುರಿಗೇ ಕೂತು ನೋಡುತ್ತಿರಬೇಕು.

"ಆಗ ನೀವೇನು ಮಾಡ್ತಿದ್ರಿ?"

"ಚಹಾ ಕುಡೀತಿದ್ದೆ. ನಡುಗ್ತಿದ್ದೀನಿ ಅಂತ ಪಾಪ, ಆ ಪೊಲೀಸ್ ಹುಡುಗ ಡೆವಾನಿ ಒಳಗೆ ಹೋಗಿ ಮಾಡ್ಕೊಂಡು ಬಂದ. ಬಿಸ್ಕತ್ತೂ ಕೊಟ್ಟ."

ನಮ್ಮವರೇ ಸರಿ! ಮುದುಕಿ ನಡುಗುವುದನ್ನು ನೋಡಿಯೂ ಕೆಟಲ್ ಇಡದೆ ಕೂರುವ ಪೊಲೀಸ್ ಈ ಕಡೆ ಇನ್ನೂ ಹುಟ್ಟಿಲ್ಲ. ಇನ್ನು ಕೇಸು ನಿಲ್ಲುವುದಿಲ್ಲ ಎಂದೆ. ಡಿಂಪ್ನಾ ಮುಖ ಗಂಟಿಕ್ಕಿದಳು.

"ಚಹಾ ಕೊಟ್ಟವನ ಮಾನ ತೆಗೀಲಾ? ಕೋರ್ಟಲ್ಲಿ ಆ ಮಾತೆತ್ತು, ನೋಡ್ತೀನಿ!"

"ಮತ್ತೆ ಮ್ಯಾಲಕಿ?"

ಕೈಚೀಲ ಎತ್ತಿಕೊಂಡು ಹೊರಟೇಹೋದಳು.

ಸೆಪ್ಟೆಂಬರ್ 25

ಕಕ್ಷಿದಾರಳ ಮಾತು ಮೀರುವ ಹಾಗಿಲ್ಲ. ಹಾಗಂತ ಮುಳುಗಲು ಬಿಡಲೇ? ಏನೂ ತೋಚದು... ಚರ್ಚಿಗೆ ಹೋಗಿದ್ದೆ. ಬಟ್ಟಲು ಹತ್ತಿರ ಬಂದಾಗ ಸುಮ್ಮನೆ ಪಕ್ಕಕ್ಕೆ ಸರಿದೆ.

ಅಕ್ಟೋಬರ್ 2, ಗುರುವಾರ

ಕಟಕಟೆಯಲ್ಲಿ ಡೆವಾನಿ. ಸರ್ಕಾರದ ಕಡೆಯ ವಕೀಲರೇ ಕೇಳಿದರು, ಸುಮ್ಮನೆ ಶಾಸ್ತ್ರಕ್ಕೆ — ಇಪ್ಪತ್ತು ನಿಮಿಷವೂ ಎದುರಿಗೇ ಇದ್ದಿರಲ್ಲ?

ಡಿಂಪ್ನಾ ಬೆಂಚಿನಿಂದಲೇ ಅವನತ್ತ ತಲೆಯಾಡಿಸಿದಳು. ಬೇಡ, ಹೇಳಬೇಡ. ಅವನ ಕಿವಿ ಕೆಂಪಾಯಿತು.

"ಇಲ್ಲ ಸ್ವಾಮಿ. ಚಹಾ ಮಾಡಕ್ಕೆ ಹೋಗಿದ್ದೆ."

"ಏನು ಮಾಡಕ್ಕೆ?" ಜಡ್ಜ್ ಕನ್ನಡಕ ತೆಗೆದರು.

"ಚಹಾ, ಸ್ವಾಮಿ. ಅವ್ರೇ ಕುಡಿದ್ರು. ಪ್ರಮಾಣ ಮಾಡಿದೀನಲ್ಲ, ಹೇಳ್ಲೇಬೇಕು."

ಇಡೀ ಕೋರ್ಟು ನಕ್ಕಿತು. ಅವನ ಇನ್ಸ್‌ಪೆಕ್ಟರ್ ಮಾತ್ರ ನಗಲಿಲ್ಲ. ಕೇಸು ವಜಾ. ನಾನು ಬಾಯಿಯೇ ತೆರೆದಿರಲಿಲ್ಲ. ಗೆದ್ದೆ ಅನ್ನಬೇಕೋ ಏನೋ.

ಹೊರಗೆ ಡಿಂಪ್ನಾ ನನ್ನ ತೋಳು ಹಿಡಿದಳು.

"ನಿಜ ಹೇಳು. ಯಂತ್ರ ತಪ್ಪಿದ್ದು ಚಹಾದಿಂದ್ಲಾ?"

ಹೂಂ ಅಂದುಬಿಡಬಹುದಿತ್ತು.

"ಚಹಾ ಕುಡಿದ್ರೆ ಅಷ್ಟು ತೋರ್ಸಲ್ಲ, ಡಿಂಪ್ನಾ."

ಅವಳು ಕೋಟಿನ ಪಿನ್ ಬಿಚ್ಚಿ ಮುಷ್ಟಿಯಲ್ಲಿಟ್ಟುಕೊಂಡಳು. ಇನ್ನೊಂದು ಕೈಯಿಂದ ಕಾರಿನ ಕೀ ನನ್ನ ಜೇಬಿಗೆ ಹಾಕಿದಳು.

"ನಾಳೆ ಅವನನ್ನ ಕರ್ಕೊಂಡು ಹೋಗ್ಬೇಕು. ನಾನು ಓಡಿಸಲ್ಲ."

ಅಕ್ಟೋಬರ್ 3, ಶುಕ್ರವಾರ, ಬೆಳಿಗ್ಗೆ

ಆಸ್ಪತ್ರೆಯ ಹೊರಗೆ, ಅವಳದೇ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಳಿಯುವಾಗ ಮ್ಯಾಲಕಿ ಬಾಗಿಲು ಹಿಡಿದು ನಿಂತ.

"ನಿನ್ನೆ ಗೆದ್ರಂತಲ್ಲ?"

"ಹೂಂ."

"ಮತ್ತೆ ಕಾರು ನೀವ್ಯಾಕೆ ಓಡಿಸ್ತಿದೀರಿ?"

"ಯಂತ್ರ ಸರಿಯಾಗೇ ಹೇಳಿತ್ತು ಅಂತ ನಿಮ್ಮಕ್ಕನೇ ಕೀ ಕೊಟ್ರು."