ಮುಂದೆ ಎಂದರೆ ಎಲ್ಲಿ

ನನ್ನ ಮೊಂಡು ಮಗಳೇ,

ಈ ಕಾಗದವನ್ನು ಸ್ಟೇರಿಂಗಿಗೆ ಅಂಟಿಸಿ ಹೋಗುತ್ತಿದ್ದೇನೆ. ಕೀಲಿ ತಿರುಗಿಸುವ ಮೊದಲು ಪೂರ್ತಿ ಓದು. ತಿರುಗಿಸಿದರೂ ಕಾರು ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿಯ ಕರಿ ಕೇಬಲನ್ನು ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡಿದ್ದೇನೆ. ಬೈದುಕೋ, ಪರವಾಗಿಲ್ಲ, ಆದರೆ ಓದು.

ಊಟವಾದ ಮೇಲೆ ನೀನು ಮಗುವಿನ ಜೊತೆ ಮಹಡಿಯಲ್ಲಿ ಮಲಗಿದೆ. ಸಂಜೆ ಹೊರಡುವವಳು, ಒಂದು ಗಳಿಗೆ ಕಣ್ಣು ಮುಚ್ಚಲಿ ಎಂದು ನಾನು ಕೆಳಗೆ ನಮ್ಮ ಗ್ಯಾರೇಜಿಗೆ ಬಂದೆ. ನಿನ್ನ ಕೆಲಸ ನೋಡಿ ಹೆಮ್ಮೆ ಪಡೋಣವೆಂದೇ ಡಿಕ್ಕಿ ತೆರೆದದ್ದು. ದೊಡ್ಡ ಇಂಜಿನ್ ಕೂರಿಸಿ, ಜಾಗ ಸಾಲದೆ ಬ್ಯಾಟರಿಯನ್ನು ಹಿಂದಕ್ಕೆ ತಂದಿದ್ದೀಯಲ್ಲ, ಅದು ಅಲ್ಲಾಡದ ಹಾಗೆ ಬಿಗಿದ ಪಟ್ಟಿ ನೋಡಿ ನನ್ನ ಕೈಗುಣ ಬಂದಿದೆ ಅಂದುಕೊಂಡೆ. ಆಮೇಲೆ ಫ್ಯೂಸ್ ಹುಡುಕಿದೆ. ಡಿಕ್ಕಿಯಲ್ಲಿಲ್ಲ. ಬಾನೆಟ್ ಎತ್ತಿದರೆ ಇಂಜಿನ್ ಪಕ್ಕ ಅಚ್ಚುಕಟ್ಟಾಗಿ ಕೂತಿದೆ. ಅದು ಇರಬೇಕಾದ ಜಾಗ ಅದಲ್ಲ.

ಯಾಕೆ ಅಲ್ಲಿ ಹಾಕಿದೆ ಎಂದು ನನಗೆ ಗೊತ್ತು. "ಫ್ಯೂಸ್ ಯಾವಾಗ್ಲೂ ಮುಂದೆ ಇರ್ಬೇಕು ಕಣೆ" ಎಂದು ನೀನು ಸ್ಪ್ಯಾನರ್ ಹಿಡಿದಾಗಿನಿಂದ ಜಪ ಮಾಡಿಸಿದವಳು ನಾನೇ. ನನ್ನ 'ಮುಂದೆ' ಎಂದರೆ ಬ್ಯಾಟರಿಯ ಮುಂದೆ, ಕೆಂಪು ಕೇಬಲ್ ಹೊರಡುವ ಬಾಗಿಲಲ್ಲೇ. ನೀನು ಕಾರಿನ ಮುಂದೆ ಎಂದುಕೊಂಡೆ. ಬ್ಯಾಟರಿ ಇಂಜಿನ್ ಪಕ್ಕ ಇದ್ದಷ್ಟು ದಿನ ಎರಡೂ ಒಂದೇ ಜಾಗವಾಗಿತ್ತು. ಈಗ ಡಿಕ್ಕಿಯಿಂದ ಇಂಜಿನ್‌ವರೆಗೆ ಅಷ್ಟುದ್ದದ ಕೇಬಲಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ದಾರಿಯಲ್ಲಿ ತಗಡಿಗೆ ಉಜ್ಜಿ ಮೇಲಿನ ಸಿಪ್ಪೆ ಹರಿದರೆ ಮುಂದಿನ ಫ್ಯೂಸಿಗೆ ಸುದ್ದಿಯೂ ಮುಟ್ಟುವುದಿಲ್ಲ, ಕೇಬಲ್ ಕೆಂಡವಾಗುತ್ತದೆ.

ಅದು ಹಾಯುವುದು ಹಿಂದಿನ ಸೀಟಿನ ಕೆಳಗೆ. ಸೀಟೆತ್ತಿ ಕೈಯಾಡಿಸಿದೆ. ತಗಡಿನ ತೂತಿನಲ್ಲಿ ಸುತ್ತ ಇರಬೇಕಾದ ರಬ್ಬರ್ ಜಾರಿದೆ, ಕೇಬಲಿನ ಮೇಲೆ ಆಗಲೇ ಗೀರು ಬಿದ್ದಿದೆ. ಅದರ ಮೇಲೆ ನೀನು ಕಟ್ಟಿರುವುದು ಮಗುವಿನ ಕುರ್ಚಿಯನ್ನು.

ಎಬ್ಬಿಸೋಣವೆಂದು ಮೆಟ್ಟಿಲು ಹತ್ತಿದೆ. ಮಗು ನಿನ್ನ ಕಿವಿ ಹಿಡಿದುಕೊಂಡು ಮಲಗಿತ್ತು. ಎಬ್ಬಿಸಿದ್ದರೆ ನೀನು "ಗೊತ್ತಮ್ಮ, ಎಲ್ಲಾ ನೋಡಿದೀನಿ" ಅನ್ನುತ್ತಿದ್ದೆ, ಮಾತಿಗೆ ಮಾತು ಬೆಳೆದು ಸಿಟ್ಟಿನಲ್ಲೇ ಹೊರಡುತ್ತಿದ್ದೆ. ನಿನ್ನ ಸಿಟ್ಟು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕೇ. ಬಿಡಿಭಾಗದ ಅಂಗಡಿ ಮುಚ್ಚುವುದರೊಳಗೆ ದೊಡ್ಡ ಫ್ಯೂಸೂ ರಬ್ಬರೂ ತರಬೇಕು, ಓಡುತ್ತಿದ್ದೇನೆ.

ಒಂದೇ ಹೆದರಿಕೆ. ಗೋಡೆಯ ಮೊಳೆಯಲ್ಲಿ ಇನ್ನೊಂದು ಕರಿ ಕೇಬಲ್ ನೇತಾಡುತ್ತಿದೆ. ಅದನ್ನೂ ಬಚ್ಚಿಡಲು ಕೈ ಹೋಯಿತು, ಒಂದು ಕದ್ದದ್ದೇ ಸಾಕು ಎನಿಸಿ ಬಿಟ್ಟೆ. ಮನಸ್ಸು ಮಾಡಿದರೆ ಅದನ್ನು ಹಾಕಿಕೊಂಡು ನಾನು ಬರುವುದರೊಳಗೆ ನೀನು ಊರು ದಾಟಬಲ್ಲೆ. ಈಗ ದಾರಿಯುದ್ದಕ್ಕೂ ಆ ಮೊಳೆಯೇ ನನ್ನ ಕಣ್ಣ ಮುಂದೆ ಇರುತ್ತದೆ.

ಅದಕ್ಕೆ ಕೈ ಹಾಕುವ ಮೊದಲು ಸೀಟೆತ್ತು. ಆ ಗೀರಿನ ಮೇಲೆ ಹೆಬ್ಬೆರಳಿಟ್ಟು ನೋಡು. ಆಮೇಲೆ ನಿನ್ನಿಷ್ಟ.

ನಿನ್ನ ಹೊಟ್ಟೆ ತಣ್ಣಗಿರಲಿ.

ಕರಿ ಕೇಬಲ್ ಹೊತ್ತು ಓಡಿರುವ,
ನಿನ್ನ ಅಮ್ಮ